ಸಿಂಹಳದ್ವೀಪದಲ್ಲಿ ಕಳೆದ ರಜೆ

ರಜೆಯೆಂದರೆ ಬೆಟ್ಟದ ತಂಪನ್ನೋ ಕಡಲ ಗಾಳಿಯನ್ನೋ ಅರಸಿ ಹೋಗುವುದು ಲೋಕರೂಢಿಯಷ್ಟೆ. ಹಳೆಯ ಸಹಪಾಠಿಗಳಾದ ನಾವು ಆರು ಮಂದಿ, ಇವೆರಡೂ ದೊರೆಯುವ ಸಿಂಹಳದ್ವೀಪವನ್ನು, ಅಂದರೆ ಈಗಿನ ಶ್ರೀಲಂಕೆಯನ್ನು, ಆರಿಸಿಕೊಂಡೆವು. ಉತ್ತರದ ಯಾಳ್ಪಾಣಕ್ಕೂ ಹೋಗಬೇಕೆಂಬ ಮಾತು ಬಂದಾಗ ಮಾತ್ರ ನಮ್ಮೊಳಗೆ ಚರ್ಚೆಯುಂಟಾಯಿತು. 1983ರಿಂದ 2009ರವರೆಗೆ ಅಂತರ್ಯುದ್ಧದಲ್ಲಿ ಬೆಂದ ನೆಲದ ಮೇಲೆ ವಿಹಾರಾರ್ಥವಾಗಿ ತಿರುಗಾಡುವುದು ಯುಕ್ತವೇ ಎಂದು ಒಬ್ಬ ಗೆಳತಿಯು ಕೇಳಿದರು. ಪ್ರಶ್ನೆಯು ನ್ಯಾಯವಾದುದೇ. ಅದಕ್ಕೆ ಉತ್ತರ ದೊರೆಯುವ ಮೊದಲೇ ವಿಮಾನವನ್ನೇರಿದೆವು.

ಕೊಲಂಬೊ ನಗರದ ವಸ್ತುಸಂಗ್ರಹಾಲಯದಲ್ಲಿ ಒಂದು ಶಿಲಾಶಾಸನವಿರುತ್ತದೆ. ಚೀನಾದ ನಾವಿಕನಾದ ಜೆಂಗ್ ಹೆ ಎಂಬವನು ತಂದ ಈ ಕಲ್ಲು 1409ರ ಮಿತಿಯುಳ್ಳದ್ದು. 1911ರಲ್ಲಿ ಗಾಲೆ ಪಟ್ಟಣದಲ್ಲಿ ಮೋರಿಗೆ ಮುಚ್ಚಿದ ಚಪ್ಪಡಿಯಾಗಿ ದೊರೆಯಿತು! ಅದರ ಚೀನೀ ಬರಹವು ಬುದ್ಧನಿಗೆ, ತಮಿಳು ಬರಹವು ತೆನಾವರೈ ನಾಯನಾರ್ ಎಂಬ ವಿಷ್ಣುಸ್ವರೂಪಿಗೆ, ಪಾರಸಿ ಬರಹವು ಅಲ್ಲಾಹನಿಗೆ ಕಾಣಿಕೆಗಳನ್ನು ಅರ್ಪಿಸುತ್ತದೆ. ಚಿನ್ನ, ಬೆಳ್ಳಿ, ರೇಷ್ಮೆ, ಸುಗಂಧತೈಲ ಮುಂತಾಗಿ ಮೂವರಿಗೂ ಹೆಚ್ಚುಕಡಮೆ ಒಂದೇ ಪಟ್ಟಿ. ಸಿಂಹಳ ನುಡಿಗೆ ಮಾತ್ರ ಅದರಲ್ಲಿ ಎಡೆಯಿಲ್ಲ. ಈ ಔದಾರ್ಯಕ್ಕೆ ನಾವು ತಲೆದೂಗುತ್ತಿರಲು, ಅದೇ ಜೆಂಗ್ ಹೆ 1411ರ ಸುಮಾರಿಗೆ ದ್ವೀಪದ ಪ್ರಭುವೊಬ್ಬನನ್ನು ಸೆರೆಹಿಡಿದು ಚೀನಾಕ್ಕೆ ಒಯ್ದನೆಂಬುದನ್ನು ನಮ್ಮಲ್ಲಿ ಚರಿತ್ರೆ ಕಲಿಸುವವರೊಬ್ಬರು ಜ್ಞಾಪಿಸಿದರು. ಚರಿತ್ರೆಯ ಉಪಾಧ್ಯಾಯಿನಿಯರೊಡನೆ ಪ್ರವಾಸ ಮಾಡುವವರು ಇಂತಹುದಕ್ಕೆ ಸಿದ್ಧರಾಗಿರಬೇಕು.

ಗಾಲೆಯ ಡಚ್ಚರ ಕೋಟೆ, ಕ್ಯಾಂಡಿಯ ದಂತಮಂದಿರ, ಚಹದ ತೋಟಗಳು, ಇವುಗಳ ವರ್ಣನೆ ಬೇರೆಡೆ ಧಾರಾಳವಾಗಿ ದೊರೆಯುವುದರಿಂದ ಬಿಟ್ಟಿರುತ್ತೇವೆ.

ಅನುರಾಧಪುರದ ಬೋಧಿವೃಕ್ಷದ ಕೆಳಗೆ ಬಹಳ ಹೊತ್ತು ಕುಳಿತೆವು. ಅಶೋಕನ ಮಗಳು ಸಂಘಮಿತ್ರೆಯು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ತಂದ ಕೊಂಬೆಯೇ ಇದೆಂದು ಪರಂಪರೆಯ ನಂಬಿಕೆ. ನಮ್ಮ ಮಸ್ಕಿ, ಬ್ರಹ್ಮಗಿರಿಗಳ ಬಂಡೆಗಳ ಮೇಲೆ ತಂದೆಯ ಮಾತನ್ನು ಕಂಡಿದ್ದ ನಮಗೆ ಇಲ್ಲಿ ಮಗಳ ಗುರುತು ಕಂಡಿತು. ಬಿಳಿಯ ಉಡುಪಿನ ಯಾತ್ರಿಕರು ತಾವರೆಗಳನ್ನು ಹಿಡಿದು ಸದ್ದಿಲ್ಲದೆ ಸುಳಿದಾಡುತ್ತಿದ್ದರು. 1985ರಲ್ಲಿ ಬಂದೂಕುಧಾರಿಗಳು ಈ ಸನ್ನಿಧಿಯಲ್ಲಿಯೇ ಇಂತಹ ಯಾತ್ರಿಕರನ್ನು ಕೊಂದರೆಂಬುದನ್ನು ನೆನೆದು, ತಂದಿದ್ದ ಬುತ್ತಿಯನ್ನು ಬಿಚ್ಚಲು ನಮಗೆ ಮನಸ್ಸಾಗಲಿಲ್ಲ.

ಅಲ್ಲಿಂದ ಉತ್ತರಕ್ಕೆ ಸಾಗಿದಂತೆ ತಾಳೆಯ ಮರಗಳು ಹೆಚ್ಚಿದವು. ಆನೆಯಿರವಿನಲ್ಲಿ ಎರಡು ಕಡೆಯೂ ಉಪ್ಪುನೀರು. ಯಾಳ್ಪಾಣದಲ್ಲಿ ನಾವು ಮೊದಲು ಹುಡುಕಿದ್ದು ಅಲ್ಲಿನ ಸಾರ್ವಜನಿಕ ಪುಸ್ತಕಾಲಯವನ್ನು. 1981ರಲ್ಲಿ ಅದಕ್ಕೆ ಬೆಂಕಿಯಿಕ್ಕಿದಾಗ ಸುಮಾರು 97,000 ಗ್ರಂಥಗಳು ಬೂದಿಯಾದವು. ಮತ್ತೊಮ್ಮೆ ಅಚ್ಚಾಗಬಹುದಾದ ಪುಸ್ತಕಗಳ ಮಾತು ಹಾಗಿರಲಿ, ತಾಳೆಯೋಲೆಯ ಹಸ್ತಪ್ರತಿಗಳನ್ನು ಯಾರು ಮರಳಿ ತರಬಲ್ಲರು? ಕಟ್ಟಡವನ್ನೇನೋ ಜೀರ್ಣೋದ್ಧಾರಗೊಳಿಸಿದ್ದಾರೆ, ಮುಂದೆ ಸರಸ್ವತಿಯ ವಿಗ್ರಹ, ಒಳಗೆ ಸಾಲುಸಾಲಾಗಿ ಮೇಜುಗಳು.

ಪಾದರಕ್ಷೆಗಳನ್ನು ಹೊರಗೆ ಕಳಚಿ ಒಳಹೊಕ್ಕೆವು. ಶಾಲೆಯ ಬಿಳಿ ಸಮವಸ್ತ್ರದ ಹುಡುಗಿಯರಿಬ್ಬರು ಒಂದೇ ಪುಸ್ತಕದ ಮೇಲೆ ಬಾಗಿ, ತುಟಿಯಾಡಿಸುತ್ತ ಪರೀಕ್ಷೆಗೆ ಓದುತ್ತಿದ್ದರು. ಹೊರಡುವ ಮೊದಲು ಪ್ರಶ್ನೆ ಕೇಳಿದ್ದ ಗೆಳತಿಯು ಅವರೆದುರಿನ ಬೆಂಚಿನಲ್ಲಿ ಕುಳಿತರು. ನಾವು ಸಂಜೆಯ ಕಡಲನ್ನು ನೋಡಲು ಕರೆದರೆ ಅವರು ತಲೆಯಲ್ಲಾಡಿಸಿ, ಬಾಗಿಲು ಮುಚ್ಚುವ ವೇಳೆಯವರೆಗೂ ಅಲ್ಲಿಯೇ ಇದ್ದರು.