ಆಕ್ಸ್‌ಫರ್ಡಿನ 63 ಕಾಸಿನ ದಂಡ

ಆಕ್ಸ್‌ಫರ್ಡ್ ಎಂದರೆ ಅಜ್ಜ-ಅಜ್ಜಿಯರಿಗೆ ದಪ್ಪನೆಯ ಇಂಗ್ಲಿಷ್ ನಿಘಂಟು ನೆನಪಾಗುತ್ತದೆ, ಮಕ್ಕಳಿಗೆ ಶಾಲೆಯ ಅಟ್ಲಾಸ್. ಹೆಸರಿನ ಅರ್ಥ ಮಾತ್ರ ಅಪ್ಪಟ ಹಳ್ಳಿಯದು: ಎತ್ತುಗಳು ನೀರಿನಲ್ಲಿ ನಡೆದೇ ಹೊಳೆ ದಾಟುವ ಜಾಗ. ಇಂಗ್ಲೆಂಡಿನಲ್ಲಿ ಥೇಮ್ಸ್ ನದಿಯ ದಡದ ಈ ಊರಿನಲ್ಲಿ 1096ರ ಹೊತ್ತಿಗೇ ಪಾಠ ನಡೆಯುತ್ತಿತ್ತು.

ಆಗ ಕಾಲೇಜು ಕಟ್ಟಡಗಳಿರಲಿಲ್ಲ. ಹುಡುಗರು ಊರಿನವರ ಮನೆಗಳಲ್ಲಿ ಬಾಡಿಗೆಗಿದ್ದು ಓದುತ್ತಿದ್ದರು. ಬಾಡಿಗೆ ಹೆಚ್ಚೆಂದು ಇವರ ದೂರು, ಪುಂಡಾಟ ಹೆಚ್ಚೆಂದು ಅವರ ದೂರು. 1209ರಲ್ಲಿ ಊರಿನ ಹೆಂಗಸೊಬ್ಬಳು ಕೊಲೆಯಾದಳು. ಕೊಂದವನು ವಿದ್ಯಾರ್ಥಿ ಎಂಬ ಆರೋಪ ಬಂತು, ಅವನು ಓಡಿಹೋಗಿದ್ದ. ಸಿಟ್ಟಿಗೆದ್ದವರು ಅವನ ಜೊತೆಗಾರರನ್ನು ಹಿಡಿದು ನೇಣಿಗೆ ಹಾಕಿದರು. ಹೆದರಿದ ಗುರುಶಿಷ್ಯರು ಊರು ಬಿಟ್ಟರು. ಅವರಲ್ಲಿ ಕೆಲವರು ಕೇಂಬ್ರಿಜ್‌ಗೆ ಹೋಗಿ ಪಾಠ ಮುಂದುವರಿಸಿದರು. ಆಕ್ಸ್‌ಫರ್ಡಿಗೆ ಇಂದಿಗೂ ಸರಿಸಾಟಿಯಾಗಿ ನಿಂತಿರುವ ಕೇಂಬ್ರಿಜ್ ವಿಶ್ವವಿದ್ಯಾಲಯ ಹುಟ್ಟಿದ್ದು ಹೀಗೆ!

ಎಲ್ಲಕ್ಕಿಂತ ದೊಡ್ಡ ಜಗಳ ನಡೆದದ್ದು 1355ರ ಫೆಬ್ರುವರಿ 10ರಂದು. ಊರ ನಡುವಿನ ಚೌಕದಲ್ಲಿ ದ್ರಾಕ್ಷಿಮದ್ಯ ಮಾರುವ ಅಂಗಡಿಯೊಂದಿತ್ತು. ಇಬ್ಬರು ವಿದ್ಯಾರ್ಥಿಗಳು ಮದ್ಯ ಚೆನ್ನಾಗಿಲ್ಲವೆಂದು ತಗಾದೆ ತೆಗೆದರು. ಮಾತಿಗೆ ಮಾತು ಬೆಳೆದು ಮದ್ಯವನ್ನು ಅಂಗಡಿಯವನ ಮುಖಕ್ಕೇ ಎರಚಿದರು. ಸೇಂಟ್ ಮಾರ್ಟಿನ್ ಚರ್ಚಿನ ಗಂಟೆ ಬಾರಿಸಿ ಊರಿನವರು ಜನ ಸೇರಿಸಿದರು. ಸೇಂಟ್ ಮೇರಿ ಚರ್ಚಿನ ಗಂಟೆ ಬಾರಿಸಿ ವಿದ್ಯಾರ್ಥಿಗಳೂ ಸೇರಿದರು. ಬಿಲ್ಲುಬಾಣಗಳು ಹೊರಬಂದವು. ಮರುದಿನ ಸುತ್ತಲ ಹಳ್ಳಿಗಳವರೂ ನುಗ್ಗಿದರು. ಹೊಡೆದಾಟ ಮುಗಿಯುವಷ್ಟರಲ್ಲಿ ವಿಶ್ವವಿದ್ಯಾಲಯದ ಕಡೆ ಸುಮಾರು 63 ಮಂದಿ, ಊರಿನ ಕಡೆ ಸುಮಾರು 30 ಮಂದಿ ಸತ್ತಿದ್ದರು. ಒಂದು ಲೋಟ ಮದ್ಯಕ್ಕೆ!

ರಾಜ ಮೂರನೇ ಎಡ್ವರ್ಡ್ ವಿಶ್ವವಿದ್ಯಾಲಯದ ಪರ ನಿಂತ. ಪೇಟೆಯಲ್ಲಿ ರೊಟ್ಟಿಯ ಬೆಲೆ, ತೂಕ, ಅಳತೆ ನೋಡುವ ಅಧಿಕಾರವೂ ಅದರ ಕೈಸೇರಿತು. ಜಗಳ ತೆಗೆದವರು ವಿದ್ಯಾರ್ಥಿಗಳೇ ಅಲ್ಲವೇ? ನನಗಂತೂ ಇದು ನ್ಯಾಯವೆನಿಸುವುದಿಲ್ಲ. ಸಾಲದ್ದಕ್ಕೆ ಊರಿನ ಮೇಲೆ ದಂಡವೂ ಬಿತ್ತು. ಪ್ರತಿವರ್ಷ ಅದೇ ದಿನ ಮೇಯರ್ ಮತ್ತು ಊರಿನ ಹಿರಿಯರು ಸೇಂಟ್ ಮೇರಿ ಚರ್ಚಿಗೆ ಹೋಗಿ ಪ್ರಾರ್ಥನೆಯಲ್ಲಿ ಕೂರಬೇಕು. ಸತ್ತ ವಿದ್ಯಾರ್ಥಿಗೆ ಒಂದರಂತೆ 63 ಪೆನ್ನಿ ಕಾಸು ಒಪ್ಪಿಸಬೇಕು. ಹಣವೇನೂ ಹೆಚ್ಚಲ್ಲ. ಎಲ್ಲರೆದುರು ತಲೆ ತಗ್ಗಿಸಿ ಹೋಗುವುದಿತ್ತಲ್ಲ, ಅದು ಕಷ್ಟ. ಮುತ್ತಜ್ಜನ ಮುತ್ತಜ್ಜ ಆಡಿದ ಜಗಳಕ್ಕೆ ಮರಿಮಕ್ಕಳು ಕಾಸು ಎಣಿಸುತ್ತಲೇ ಇದ್ದರು. ಈ ಪದ್ಧತಿ ನಿಂತದ್ದು 1825ರಲ್ಲಿ. ಅಂದರೆ ಸುಮಾರು 470 ವರ್ಷ!

ರಾಜಿಯಾಗಲು ಇನ್ನೂ 130 ವರ್ಷ ಹಿಡಿಯಿತು. ಜಗಳಕ್ಕೆ ಸರಿಯಾಗಿ 600 ವರ್ಷ ತುಂಬಿದ 1955ರಲ್ಲಿ ವಿಶ್ವವಿದ್ಯಾಲಯವು ಊರಿನ ಮೇಯರಿಗೆ ಗೌರವ ಪದವಿ ಕೊಟ್ಟಿತು. ಊರು ವಿಶ್ವವಿದ್ಯಾಲಯದ ಕುಲಪತಿಯನ್ನು ತನ್ನ ಗೌರವ ನಾಗರಿಕನನ್ನಾಗಿ ಮಾಡಿಕೊಂಡಿತು.

ಆ ಚೌಕದ ಹೆಸರು ಕಾರ್‌ಫ್ಯಾಕ್ಸ್. ಮದ್ಯದಂಗಡಿ ಇದ್ದಲ್ಲಿ ಈಗೊಂದು ಗೋಡೆಬರಹವಿದೆ. ಸೇಂಟ್ ಮಾರ್ಟಿನ್ ಚರ್ಚಿನ ಗೋಪುರವಷ್ಟೇ ಉಳಿದಿದೆ. ಅದರ 99 ಮೆಟ್ಟಿಲು ಹತ್ತಿದರೆ ಎದುರಿಗೇ ಸೇಂಟ್ ಮೇರಿಯ ಚೂಪು ಶಿಖರ ಕಾಣುತ್ತದೆ. ನಡೆದು ಹೋದರೆ ಐದು ನಿಮಿಷದ ಹಾದಿ. ಅದೇ ಬೀದಿ ಹಿಡಿದು ಕೊನೆಯವರೆಗೆ ಹೋದರೆ ಸಿಗುವುದು ಮಾಡ್ಲಿನ್ ಕಾಲೇಜು. 1960ರ ದಶಕದ ಆರಂಭದಲ್ಲಿ ನಮ್ಮ ಗಿರೀಶ ಕಾರ್ನಾಡರು ಓದಿದ್ದು ಅಲ್ಲಿಯೇ.