ಮಡಿಕೆ ಬಿಟ್ಟು ಹೊಲಿದ ಮನೆ

ಕಳೆದ ಶ್ರಾವಣದಲ್ಲಿ ನನ್ನ ಅಕ್ಕನ ಮಗಳ ಸೀಮಂತಕ್ಕೆಂದು ನಾನೂ ನಮ್ಮವರೂ ಮುಂಬಯಿಗೆ ಹೋಗಿದ್ದೆವು. ಮುಂಬಯಿ ಅನ್ನುವುದು ಊರಲ್ಲಿ ಹೇಳಿಕೊಳ್ಳಲಿಕ್ಕೆ. ನಿಜವಾಗಿ ಅದು ನವಿ ಮುಂಬಯಿ. ಕುಂದಾಪುರದಲ್ಲಿ ಮತ್ಸ್ಯಗಂಧ ರೈಲು ಹತ್ತಿ, ರಾತ್ರಿಯಿಡೀ ಸುರಂಗ, ಸೇತುವೆ, ಮಳೆ ಎಲ್ಲ ದಾಟಿ ಬೆಳಗಿನ ಜಾವ ಪನ್ವೇಲಿನಲ್ಲಿ ಇಳಿದೆವು. ಅಲ್ಲಿಂದ ಲೋಕಲ್ ರೈಲಿನಲ್ಲಿ ನಾಲ್ಕನೇ ನಿಲ್ದಾಣವೇ ಬೇಲಾಪುರ.

ಅಕ್ಕ ಅಲ್ಲಿ ಮನೆ ಮಾಡಿ ಮೂವತ್ತು ವರ್ಷದ ಮೇಲಾಯಿತು. ಪ್ರತಿ ಬೇಸಿಗೆಗೆ ಅವಳೇ ಊರಿಗೆ ಬರುತ್ತಾಳಲ್ಲ ಎಂದು ನಾನು ಒಮ್ಮೆಯೂ ಹೋಗಿರಲಿಲ್ಲ. ಹಾಗಾಗಿ ಎಂಟನೇ ಮಹಡಿ, ಲಿಫ್ಟು, ಸದಾ ಮುಚ್ಚಿದ ಬಾಗಿಲು ಎಂದೆಲ್ಲ ಊಹಿಸಿಕೊಂಡಿದ್ದೆ. ರಿಕ್ಷಾ ನಿಂತದ್ದು ನೋಡಿದರೆ ಪಾರ್ಸಿಕ್ ಗುಡ್ಡದ ಬುಡದಲ್ಲಿ, ಒಂದು ಅಂಗಳದ ಎದುರು! ಸುತ್ತ ಏಳು ಮನೆ, ಏಳರ ಬಾಗಿಲೂ ಆ ಅಂಗಳಕ್ಕೇ. ಅಕ್ಕನದು ಹೆಂಚಿನ ಮಾಡು. ಬಾಗಿಲಲ್ಲಿ ರಂಗೋಲಿ, ತುಳಸಿ. ನಮ್ಮೂರಿಗೇ ವಾಪಸು ಬಂದೆನೇನೋ ಅನ್ನಿಸಿತು.

ಆ ಜಾಗವನ್ನು ಅಲ್ಲಿನವರು ಆರ್ಟಿಸ್ಟ್ಸ್ ವಿಲೇಜ್ ಎನ್ನುತ್ತಾರೆ. ಕಟ್ಟಿದ್ದು 1983ರಿಂದ 1986ರ ನಡುವೆ. ನಕ್ಷೆ ಚಾರ್ಲ್ಸ್ ಕೊರಿಯಾ ಎಂಬ ಹೆಸರಾಂತ ವಾಸ್ತುಶಿಲ್ಪಿಯದು. ಮುಂಬಯಿಯಲ್ಲಿ ಕಾಲಿಡಲು ಜಾಗವಿಲ್ಲದಂತಾದಾಗ, ಖಾರಿಯ ಆಚೆ ದಡದಲ್ಲಿ ಹೊಸ ಊರು ಕಟ್ಟಿ ಎಂದು 1960ರ ದಶಕದಲ್ಲಿ ಸಲಹೆ ಕೊಟ್ಟ ಮೂವರಲ್ಲಿ ಅವರೂ ಒಬ್ಬರು. ಇನ್ನಿಬ್ಬರು ಶಿರೀಷ್ ಪಟೇಲ್ ಮತ್ತು ಪ್ರವೀಣಾ ಮೆಹ್ತಾ. ಆ ಕಾಲದಲ್ಲೇ ಒಬ್ಬ ಹೆಂಗಸು ಇಂಥ ಕೆಲಸದಲ್ಲಿ ಇದ್ದರೆಂದು ಕೇಳಿ ನನಗೆ ಬಹಳ ಖುಷಿಯಾಯಿತು. ಇದನ್ನೆಲ್ಲ ಹೇಳಿದವನು ಅಕ್ಕನ ಮಗ. ಅವನು ಕಲಿಯುವುದೂ ಅದೇ ವಿದ್ಯೆ.

"ಚಿಕ್ಕಮ್ಮ, ನಿಮ್ಮ ಲೆಕ್ಕದಲ್ಲೇ ಹೇಳ್ತೇನೆ" ಎಂದು ಅವನು ಮೆಟ್ಟಿಲ ಮೇಲೆ ಕೂತು ವಿವರಿಸಿದ. ಒಂದೊಂದು ನಿವೇಶನ 45ರಿಂದ 75 ಚದರ ಮೀಟರ್. ಅಂದರೆ ನಮ್ಮ ಕಡೆಯ ಒಂದು ಸೆಂಟ್ಸಿಗಿಂತ ತುಸು ಹೆಚ್ಚು, ಎರಡು ಸೆಂಟ್ಸಿಗಿಂತ ತುಸು ಕಡಿಮೆ! ಬಡವರಿಗೆ ಬೆಂಕಿಪೆಟ್ಟಿಗೆ, ಉಳ್ಳವರಿಗೆ ಬಂಗಲೆ ಎಂಬ ಭೇದವನ್ನು ಜಾಗದಲ್ಲಿ ಹೆಚ್ಚು ಮಾಡಲಿಲ್ಲ. ಏಳು ಮನೆಗೆ ಎಂಟು ಮೀಟರ್ ಉದ್ದಗಲದ ಒಂದು ಅಂಗಳ. ಅಂಥ ಮೂರು ಗುಂಪು ಸೇರಿ ಇಪ್ಪತ್ತೊಂದು ಮನೆಗೆ ಇನ್ನೊಂದು ದೊಡ್ಡ ಅಂಗಳ. ಹೀಗೆ ಒಟ್ಟು ಸುಮಾರು 550 ಕುಟುಂಬಗಳು ಆರು ಹೆಕ್ಟೇರಿನೊಳಗೆ. ಲಿಫ್ಟಿಲ್ಲದೆ, ಮಹಡಿಯ ಮೇಲೆ ಮಹಡಿಯಿಲ್ಲದೆ ಅಷ್ಟು ಜನ!

ಅದಕ್ಕಿಂತ ನನಗೆ ಹಿಡಿಸಿದ್ದು ಬೇರೆ. ಅಷ್ಟು ಚಿಕ್ಕ ಜಾಗದಲ್ಲೂ ಯಾವ ಮನೆಯ ಗೋಡೆಯೂ ಪಕ್ಕದ ಮನೆಗೆ ಅಂಟಿಕೊಂಡಿರಲಿಲ್ಲ. ಯಾಕೆಂದರೆ ಕೊಟ್ಟದ್ದು ಪೂರ್ತಿ ಮನೆಯಲ್ಲ, ಬೆಳೆಯುವ ಮನೆ. ತೀರಾ ಚಿಕ್ಕದರಲ್ಲಿ ಒಂದು ಕೋಣೆ, ಒಂದು ಶೌಚಾಲಯ, ಉಳಿದದ್ದು ಬಯಲು. ಕೈಯಲ್ಲಿ ನಾಲ್ಕು ಕಾಸು ಸೇರಿದಾಗ ಊರಿನ ಮೇಸ್ತ್ರಿಯನ್ನೇ ಕರೆದು ಇಟ್ಟಿಗೆ, ಗಾರೆಯಲ್ಲಿ ಮತ್ತೊಂದು ಕೋಣೆ ಎಬ್ಬಿಸಿಕೊಳ್ಳಬಹುದು. ಪಕ್ಕದವರ ಗೋಡೆ ಬಿರುಕು ಬಿಡುವ ಭಯವಿಲ್ಲ. ಶೌಚಾಲಯಗಳನ್ನು ಮಾತ್ರ ಎರಡೆರಡು ಮನೆಯದನ್ನು ಒಟ್ಟಿಗೆ ಕಟ್ಟಿದ್ದರು, ಪೈಪಿನ ಖರ್ಚು ಉಳಿಯಲೆಂದು. ಮನೆ ನಡೆಸುವವರ ಲೆಕ್ಕ ಗೊತ್ತಿದ್ದವರೇ ಮಾಡಿದ್ದಾರೆ!

ನಮ್ಮ ಅಮ್ಮ ನಮಗೆ ಲಂಗ ಹೊಲಿಸುವಾಗ ಬುಡದಲ್ಲಿ ಎರಡು ಮಡಿಕೆ ಬಿಡಿಸುತ್ತಿದ್ದುದು ನೆನಪಾಯಿತು. ವರ್ಷಕ್ಕೊಂದು ಮಡಿಕೆ ಬಿಚ್ಚಿದರೆ ಅದೇ ಲಂಗ ಮೂರು ವರ್ಷ ಬರುತ್ತಿತ್ತು. ಅಕ್ಕನ ಮನೆಯೂ ಹಾಗೆಯೇ. 1994ರಲ್ಲಿ ಕೊಂಡಾಗ ಒಂದು ಕೋಣೆ, ಅಡಿಗೆಮನೆ, ಹಿಂದೆ ಪಾತ್ರೆ ತೊಳೆಯುವ ಬಯಲು. ಅತ್ತೆ ಬಂದು ಜೊತೆಗಿರುವಂತಾದಾಗ ಆ ಬಯಲಿಗೆ ಮಾಡು ಹಾಕಿ ಕೋಣೆ ಮಾಡಿದರು. ಮಗಳು ಹತ್ತನೇ ತರಗತಿಗೆ ಬಂದಾಗ ಮೇಲೊಂದು ಕೋಣೆ. ಭಾವನದು ಕ್ಯಾಂಟೀನಿನಲ್ಲಿ ಲೆಕ್ಕ ಬರೆಯುವ ಸಂಬಳ. ಒಂದೇ ಸಲಕ್ಕೆ ಇಷ್ಟು ಮನೆ ಕಟ್ಟು ಎಂದಿದ್ದರೆ ಅವರಿಂದ ಸಾಧ್ಯವಿತ್ತೇ?

ಈ ಮಾತು ಬಂದಾಗ ನಾನು ನಮ್ಮವರ ಮುಖ ನೋಡಿದೆ. ಕಾರಣ ಹೇಳಿಬಿಡುತ್ತೇನೆ. ಊರಲ್ಲಿ ನಮಗೆ ಐದು ಸೆಂಟ್ಸ್ ಜಾಗವಿದೆ. ಅದರಲ್ಲಿ ಮೇಲೆ ಎರಡು, ಕೆಳಗೆ ಎರಡು ಕೋಣೆಯ ಮನೆಯನ್ನು ಸಾಲ ಮಾಡಿ ಒಮ್ಮೆಲೇ ಕಟ್ಟಿಬಿಡೋಣ ಎಂದು ಇವರ ಹಟ. ಮಗ ಇರುವುದು ಬೆಂಗಳೂರಲ್ಲಿ. ಇವರಿಗೆ ನಿವೃತ್ತಿಯಾದರೂ ಕಂತು ಮುಗಿಯುವುದಿಲ್ಲ. ಆರು ತಿಂಗಳಿಂದ ಮನೆಯಲ್ಲಿ ಇದೇ ಜಗಳ. ಆ ನಕ್ಷೆಯ ಹಾಳೆ ನಮ್ಮ ಬ್ಯಾಗಿನಲ್ಲೇ ಇತ್ತು.

ಸೀಮಂತ ಆದದ್ದು ಅಂಗಳದಲ್ಲೇ. ಮೇಲೆ ಟಾರ್ಪಾಲು, ಅದರ ಮೇಲೆ ಮಳೆ. ಎದುರು ಮನೆಯ ಮರಾಠಿ ಬಾಯಿ ಬಾಳೆಕಂಬ ಕಟ್ಟಿಸಿದರು. ಮೂಲೆಮನೆಯ ಗುಜರಾತಿ ಹೆಂಗಸು ನಮ್ಮ ಹಯಗ್ರೀವಕ್ಕೆ ಬೆಲ್ಲ ಕುಟ್ಟಿಕೊಟ್ಟರು. ಎಂಬತ್ತು ಜನ ಊಟ ಮಾಡಿದರು, ಹಾಲ್ ಬಾಡಿಗೆ ಒಂದು ಪೈಸೆ ಇಲ್ಲ. ನಮ್ಮಂಥ ಹವೆಗೆ ಆಕಾಶ ಕಾಣುವ ಜಾಗವೂ ಒಂದು ಕೋಣೆಯೇ, ಅದೂ ಖರ್ಚಿಲ್ಲದ ಕೋಣೆ ಎಂಬುದು ಕೊರಿಯಾ ಅವರ ವಿಚಾರವಂತೆ. ಬೆಂಗಳೂರಿನ ಕೋರಮಂಗಲದಲ್ಲಿ ತಮಗೆಂದೇ ಕಟ್ಟಿಕೊಂಡ ಮನೆಯನ್ನೂ ಅವರು ಅಂಗಳದ ಸುತ್ತಲೇ ಕಟ್ಟಿದ್ದರು. 2015ರಲ್ಲಿ ಅವರು ತೀರಿಕೊಂಡರು.

ಮಾರನೆಯ ದಿನ ಮಳೆ ಬಿಟ್ಟಾಗ ಊರೆಲ್ಲ ಸುತ್ತಿದೆ. ಗುಡ್ಡದ ನೀರನ್ನು ಹೊತ್ತು ನಡುವೆ ಒಂದು ತೊರೆ ಕೆಂಪಗೆ ಹರಿಯುತ್ತಿತ್ತು. ಆದರೆ ಮನೆಗಳೋ! ಅಕ್ಕನದರಂತೆ ಹೆಂಚು ಹೊತ್ತ ಹಳೆಯ ಮನೆಗಳನ್ನು ಹುಡುಕಬೇಕು. ಹೆಚ್ಚಿನವನ್ನು ಕೆಡವಿ ಎರಡು, ಮೂರು ಮಹಡಿಯ ಕಾಂಕ್ರೀಟು ಕಟ್ಟಡ ಎಬ್ಬಿಸಿದ್ದಾರೆ. ಗ್ರಾನೈಟು, ಗಾಜು, ಸಿಂಹದ ಮುಖದ ಗೇಟು. ಕೆಲವು ಅಂಗಳಗಳಲ್ಲಿ ಮಕ್ಕಳ ಬದಲು ಸ್ಕೂಟರುಗಳು ಆಡುತ್ತಿವೆ.

ಅಕ್ಕನ ಮನೆಯ ದಕ್ಷಿಣಕ್ಕೂ ಹೀಗೇ ಮೂರು ಮಹಡಿ ಎದ್ದಿದೆ. "ಮಾರಾಯ್ತಿ, ಮಧ್ಯಾಹ್ನ ಹನ್ನೆರಡಕ್ಕೂ ಲೈಟ್ ಹಾಕ್ಕೊಂಡೇ ಒಗ್ಗರಣೆ ಹಾಕೂದು. ಹಪ್ಪಳ ಒಣಗ್ಸದೆ ನಾಲ್ಕು ವರ್ಷ ಆಯ್ತು" ಎಂದಳು ಅಕ್ಕ. ಭಾವನಿಗೆ ಈಗ ತಾವೂ ಕೆಡವಿ ಮೂರು ಮಹಡಿ ಕಟ್ಟಿ ಬಾಡಿಗೆಗೆ ಕೊಡುವ ಯೋಚನೆ. "ಎಲ್ಲರೂ ಎದ್ದು ನಿಂತ ಮೇಲೆ ನಾವೊಬ್ಬರು ಕೂತಿದ್ದರೆ ಗಾಳಿ ಬರುತ್ತದೆಯೇ?" ಎನ್ನುತ್ತಾರೆ. ಅವರ ಮಾತೂ ಸುಳ್ಳಲ್ಲ. ಆದರೆ ಅಕ್ಕನ ಮಾತೇನೆಂದರೆ, ಉತ್ತರದ ಮನೆಯಲ್ಲಿ ಮಂಡಿನೋವಿನ ಅಜ್ಜಿಯೊಬ್ಬರು ಬೆಳಿಗ್ಗೆ ಬಿಸಿಲಿಗೆ ಕೂರುತ್ತಾರೆ. ತಮ್ಮ ಮನೆ ಎದ್ದರೆ ಆ ಬಿಸಿಲು ಹೋಗುತ್ತದೆ.

ಹಾಗಾದರೆ ಬೆಳೆಯುವ ಮನೆ ಸೋತಂತೆಯೇ ಎಂದು ಅಕ್ಕನ ಮಗನನ್ನು ಕೇಳಿದೆ. ಅವನು ಟೋಕಿಯೋದ ಕತೆ ಹೇಳಿದ. ಅಲ್ಲಿ 1972ರಲ್ಲಿ ನಕಾಗಿನ್ ಕ್ಯಾಪ್ಸೂಲ್ ಟವರ್ ಎಂಬುದನ್ನು ಕಿಶೋ ಕುರೊಕಾವಾ ಎಂಬವರ ನಕ್ಷೆಯಂತೆ ಕಟ್ಟಿದರು. ಕಾರ್ಖಾನೆಯಲ್ಲೇ ಹಾಸಿಗೆ, ಸ್ನಾನದ ಮನೆ ಸಮೇತ ತಯಾರಾದ 140 ಪೆಟ್ಟಿಗೆ ಕೋಣೆಗಳನ್ನು ಎರಡು ಕಾಂಕ್ರೀಟು ಕಂಬಗಳಿಗೆ ಬೋಲ್ಟು ಹಾಕಿ ನಿಲ್ಲಿಸಿದ್ದರು. ಇಪ್ಪತ್ತೈದು ವರ್ಷಕ್ಕೊಮ್ಮೆ ಹಳೆಯ ಪೆಟ್ಟಿಗೆ ತೆಗೆದು ಹೊಸದು ಹಾಕುವ ಏರ್ಪಾಡು. ಎಷ್ಟು ಬದಲಾಯಿಸಿದರು ಗೊತ್ತೇ? ಒಂದೂ ಇಲ್ಲ! ಕೆಳಗಿನದನ್ನು ತೆಗೆಯಬೇಕಾದರೆ ಮೇಲಿನವನ್ನೂ ಇಳಿಸಬೇಕಿತ್ತು. 2022ರಲ್ಲಿ ಇಡೀ ಕಟ್ಟಡವನ್ನೇ ಕಳಚಿಹಾಕಿದರು. "ಅಲ್ಲಿ ಬದಲಾಗಲಿಕ್ಕೇ ಅಂತ ಕಟ್ಟಿದ್ದು ಬದಲಾಗಲೇ ಇಲ್ಲ. ಇಲ್ಲಿ ಬದಲಾದದ್ದೇ ಹೆಚ್ಚಾಯ್ತು. ಆದರೆ ಜನ ಊರು ಬಿಟ್ಟು ಹೋಗಲಿಲ್ಲ ನೋಡಿ ಚಿಕ್ಕಮ್ಮ" ಎಂದ.

ನನಗನ್ನಿಸಿದ್ದು ಇಷ್ಟು. ಗೋಡೆ ಹೇಗೆ ಬೆಳೆಯಬೇಕೆಂದು ಕೊರಿಯಾ ಚೆನ್ನಾಗಿ ಯೋಚಿಸಿದರು. ಎಲ್ಲಿಗೆ ನಿಲ್ಲಬೇಕೆಂದು ಆ ಏಳು ಮನೆಯವರು ಅಂಗಳದಲ್ಲಿ ಕೂತು ಮೊದಲೇ ಮಾತಾಡಿಕೊಂಡಿದ್ದರೆ ಅಕ್ಕನ ಅಡಿಗೆಮನೆಗೆ ಬೆಳಕಿರುತ್ತಿತ್ತು. ಅಷ್ಟಮಿಗೆ ಒಟ್ಟಿಗೆ ಚಕ್ಕುಲಿ ಕರಿಯುವವರು ಮಾಳಿಗೆಯ ಮಾತಿಗೆ ಮಾತ್ರ ಬಾಯಿ ಬಿಡುವುದಿಲ್ಲವೆಂದರೆ ಏನನ್ನೋಣ!

ವಾಪಸು ಬರುವಾಗ ರೈಲಿನಲ್ಲಿ, ಚಿಪ್ಳೂಣ ದಾಟಿದ ಮೇಲೆ, ಇವರೇ ಬ್ಯಾಗಿನಿಂದ ನಕ್ಷೆ ತೆಗೆದರು. ಕೆಳಗಿನ ಎರಡು ಕೋಣೆ, ಅಡಿಗೆಮನೆ ಇಟ್ಟುಕೊಂಡು ಮೇಲಿನದಕ್ಕೆ ಪೆನ್ಸಿಲಿನಲ್ಲಿ ಕಾಟು ಹಾಕಿದರು. ಮೆಟ್ಟಿಲು ಒಳಗಿತ್ತು, ನಾನು ಹೊರಗೆ ಪಶ್ಚಿಮಕ್ಕೆ ತೋರಿಸಿದೆ. ಊರಿಗೆ ಬಂದು ಮೇಸ್ತ್ರಿಗೆ ಹೇಳಿದಾಗ, "ಪಾಯ ಮಾತ್ರ ಮೇಲಿನ ಮನೆಯ ಭಾರಕ್ಕೆ ಈಗಲೇ ಹಾಕ್ಬೇಕು ಅಮ್ಮ, ಅಲ್ಲಿ ಉಳಿತಾಯ ಮಾಡ್ಬೇಡಿ" ಎಂದ. ಸರಿ ಎಂದೆವು. ಸಾಲ ಅರ್ಧಕ್ಕೆ ಇಳಿಯಿತು.

ಮೊನ್ನೆ ಅಕ್ಕನ ಫೋನು ಬಂದಿತ್ತು. ಗುತ್ತಿಗೆದಾರ ಬಂದು ಅಳತೆ ತೆಗೆದುಕೊಂಡು ಹೋಗಿದ್ದಾನೆ. ಹೆಣ್ಣು ಮಗು, ಬಾಣಂತಿ, ಮಗು ಇಬ್ಬರೂ ಮೇಲಿನ ಕೋಣೆಯಲ್ಲಿ. ಬಾಣಂತನ ಮುಗಿಯುವವರೆಗೆ ಯಾರೂ ಒಂದು ಇಟ್ಟಿಗೆಯನ್ನೂ ಮುಟ್ಟಕೂಡದೆಂದು ಅಕ್ಕ ಭಾವನಿಗೆ ಹೇಳಿಬಿಟ್ಟಿದ್ದಾಳಂತೆ.