ಗೇಟಿಗೆ ಬಾರದ ಲಾರಿ

ಮಾರ್ಚ್ ಕೊನೆಯ ವಾರದಲ್ಲಿ ಅಕೌಂಟ್ಸ್ ಕೆಲಸದವರನ್ನು ಯಾರೂ ಮಾತಾಡಿಸಬಾರದು. ವರ್ಷದ ಲೆಕ್ಕ ಮುಚ್ಚುವ ಗಡಿಬಿಡಿ. ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ, ಪಿಜಿ ಸೇರುವುದು ರಾತ್ರಿ ಹತ್ತಕ್ಕೆ. ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ ಅಂಥದ್ದೇ ಒಂದು ಸಂಜೆ ನನ್ನ ಟೇಬಲ್ಲಿಗೆ ಒಂದು ಬಿಲ್ ಬಂತು. ಕಬ್ಬಿಣದ ಬಿಡಿಭಾಗಗಳು, ಬೆಲೆ 10 ಲಕ್ಷ, ಶೇ. 18ರ ಜಿಎಸ್‌ಟಿ ಸೇರಿ 11,80,000 ರೂಪಾಯಿ.

ಬಿಲ್ ಪಾಸ್ ಮಾಡುವ ಮುಂಚೆ ನಾವು ಮೂರು ಕಾಗದ ಜೋಡಿಸಿ ನೋಡುತ್ತೇವೆ. ನಾವು ಕೊಟ್ಟ ಪರ್ಚೇಸ್ ಆರ್ಡರ್, ಸರಕು ಬಂತು ಅಂತ ಸ್ಟೋರ್ಸ್‌ನವರು ಬರೆದ ರಸೀದಿ, ಮಾರಿದವರ ಬಿಲ್. ಮೂರೂ ಹೊಂದಿದರೆ ಮಾತ್ರ ಎಂಟ್ರಿ. ಇಲ್ಲಿ ಬಿಲ್ ಒಂದೇ ಇತ್ತು. 50,000 ರೂಪಾಯಿಗಿಂತ ಹೆಚ್ಚಿನ ಸರಕು ಗಾಡಿ ಹತ್ತಿದರೆ ಇ-ವೇ ಬಿಲ್ ಬೇಕು, ಅದೂ ಇರಲಿಲ್ಲ. ಗೇಟಿಗೆ ಹೋಗಿ ಸೆಕ್ಯೂರಿಟಿ ಅಣ್ಣನ ರಿಜಿಸ್ಟರ್ ತಿರುವಿದೆ. ಆ ವಾರ ನೀರಿನ ಟ್ಯಾಂಕರ್ ಬಂದಿತ್ತು, ಕೊರಿಯರ್ ವ್ಯಾನ್ ಬಂದಿತ್ತು, ಗುಜರಿಯವರ ಟೆಂಪೋ ಬಂದಿತ್ತು. ಕಬ್ಬಿಣದ ಲಾರಿ ಬಂದಿರಲಿಲ್ಲ.

ಮ್ಯಾನೇಜರ್ ಹತ್ತಿರ ಹೋದೆ. ಅವರು ಕೆಟ್ಟ ಮನುಷ್ಯ ಅಲ್ಲ. ನನಗೆ ಜಿಎಸ್‌ಟಿ ರಿಟರ್ನ್ ಫೈಲ್ ಮಾಡೋದನ್ನ ಕಲಿಸಿದ್ದೇ ಅವರು. ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡು ಹೇಳಿದರು: "ಲಾರಿ ಬರಲ್ಲಮ್ಮ, ಬಿಲ್ ಮಾತ್ರ ಬರುತ್ತೆ. ಎಲ್ಲಾ ಕಡೆ ನಡೆಯೋದೇ ಇದು. ಎಂಟ್ರಿ ಹಾಕಿ ಮನೆಗೆ ಹೋಗು."

ಲೆಕ್ಕ ಸರಳ. ಬಾರದ ಸರಕಿಗೆ ಬಿಲ್ ಹಾಕಿದರೆ ಖರ್ಚು ಹತ್ತು ಲಕ್ಷ ಜಾಸ್ತಿ ಕಾಣುತ್ತದೆ, ಲಾಭ ಅಷ್ಟು ಕಡಿಮೆಯಾಗುತ್ತದೆ. ಮೇಲಿಂದ ಆ 1,80,000 ರೂಪಾಯಿಯನ್ನು ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ವಜಾ ಮಾಡಿಕೊಳ್ಳಬಹುದು. ಸರಕು ಕೈಗೆ ಬರದೆ ಹಾಗೆ ಮಾಡುವಂತಿಲ್ಲ, ಅದು ಅಪರಾಧ ಅಂತ ಆ ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು.

ಇಲ್ಲಿ ಒಂದು ಮಾತು ಮುಚ್ಚಿಡದೆ ಹೇಳಬೇಕು. ಅದಕ್ಕೂ ಮೂರು ತಿಂಗಳ ಹಿಂದೆ ಇಂಥದ್ದೇ ಇನ್ನೊಂದು ಬಿಲ್ ಬಂದಿತ್ತು, 2,36,000 ರೂಪಾಯಿದು. ಅದಕ್ಕೆ ಎಂಟ್ರಿ ಹಾಕಿದ್ದು ನಾನೇ. ಆಗ ಗೇಟಿನ ರಿಜಿಸ್ಟರ್ ನೋಡಬೇಕು ಅಂತ ಅನ್ನಿಸಿತ್ತು. ನೋಡಲಿಲ್ಲ. ನೋಡಿದರೆ ಗೊತ್ತಾಗಿಬಿಡುತ್ತದೆ ಅಂತಲೇ ನೋಡಲಿಲ್ಲ.

ಎರಡನೇ ಬಿಲ್ಲಿಗೆ ನಾನು "ಆಗಲ್ಲ ಸರ್" ಅಂದೆ. ಧೈರ್ಯ ಅಂತ ತಿಳಿಯಬೇಡಿ, ಕೈ ನಡುಗುತ್ತಿತ್ತು. ಏಪ್ರಿಲ್‌ನಲ್ಲಿ ಇನ್‌ಕ್ರಿಮೆಂಟ್ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಮೇ ತಿಂಗಳಲ್ಲಿ ಎಚ್‌ಆರ್ ಕರೆದು, "ನೀವೇ ಪೇಪರ್ ಹಾಕಿದ್ರೆ ನಿಮಗೇ ಒಳ್ಳೇದು" ಅಂದರು. ಹಾಕಿದೆ. ರಾಜೀನಾಮೆಯ ಇಮೇಲ್‌ನಲ್ಲಿ ಆ ಮೊದಲ ಬಿಲ್ಲಿನ ನಂಬರ್ ಬರೆದು, ಅದು ನನ್ನಿಂದಾದ ತಪ್ಪು ಎಂಟ್ರಿ, ರಿವರ್ಸ್ ಮಾಡಬೇಕು ಅಂತ ಸೇರಿಸಿದೆ. ಅದಕ್ಕೆ ಉತ್ತರ ಬರಲಿಲ್ಲ.

ನಮ್ಮೂರು ಗದಗ-ಬೆಟಗೇರಿ. ಅಪ್ಪ ಗದಗಿನ ಎಪಿಎಂಸಿಯ ಒಂದು ಅಡತಿ ಅಂಗಡಿಯಲ್ಲಿ ತೂಕ ಮಾಡುವ ಕೆಲಸದಲ್ಲಿದ್ದವರು. ಒಣಮೆಣಸಿನಕಾಯಿ, ಹೆಸರು, ಶೇಂಗಾ ತೂಗಿ ತೂಗಿ ಅವರ ಬಲಗೈ ಹೆಬ್ಬೆರಳು ಸೊಟ್ಟಗಾಗಿದೆ. ನಾನು ಪೇಪರ್ ಹಾಕುವ ಹೊತ್ತಿಗೆ ಅವರ ಎರಡೂ ಕಿಡ್ನಿ ಕೈಕೊಟ್ಟು ವರ್ಷವಾಗಿತ್ತು. ವಾರಕ್ಕೆ ಎರಡು ಸಲ ಡಯಾಲಿಸಿಸ್. ಅದು ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಆದರೆ ರಕ್ತ ಹೆಚ್ಚಿಸುವ ಇಂಜೆಕ್ಷನ್, ಗುಳಿಗೆ, ಆಟೋ, ತಮ್ಮನ ಡಿಪ್ಲೊಮಾ ಫೀಸು ಯಾವುದೂ ಪುಕ್ಕಟೆ ಅಲ್ಲ. ಎಲ್ಲಾ ನನ್ನ ಸಂಬಳದ ಮೇಲೆ ನಿಂತಿತ್ತು.

ಅವ್ವನಿಗೆ ವಿಷಯ ಹೇಳಲು ಹತ್ತು ದಿನ ತಗೊಂಡೆ. ಫೋನಿನಲ್ಲಿ ಹೇಳಿದಾಗ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಿನ್ನ ಸತ್ಯ ತಗೊಂಡ ಹೋಗಿ ಔಷಧಿ ಅಂಗಡ್ಯಾಗ ಕೊಟ್ರ ಇಂಜೆಕ್ಷನ್ ಕೊಡ್ತಾರೇನ ಯವ್ವಾ?" ಅಂದಳು.

ಆ ಮಾತು ಚುಚ್ಚಿತು. ದೇವರ ಮಾತನ್ನ ನಮಗೆ ಕಲಿಸಿದವಳೇ ಹೀಗೆ ಅನ್ನುತ್ತಾಳಲ್ಲ ಅಂತ ಸಿಟ್ಟೂ ಬಂತು.

ಮೊದಲ ಎರಡು ತಿಂಗಳು ನನಗೆ ಭರವಸೆ ಇತ್ತು. ಸಭೆಯಲ್ಲಿ ಕೇಳಿದ ಸಾಕ್ಷಿಗಳೆಲ್ಲ ಹಾಗೇ ಇದ್ದವಲ್ಲ! ಒಬ್ಬರು ಭಾನುವಾರ ಕೆಲಸಕ್ಕೆ ಬರಲ್ಲ ಅಂದರಂತೆ, ದೇವರು ದುಪ್ಪಟ್ಟು ಸಂಬಳದ ಕೆಲಸ ಕೊಟ್ಟನಂತೆ. ಇನ್ನೊಬ್ಬರು ಲಂಚ ಕೊಡಲಿಲ್ಲವಂತೆ, ಒಂದೇ ತಿಂಗಳಲ್ಲಿ ಫೈಲ್ ಪಾಸಾಯಿತಂತೆ. ಅವು ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಅವನ್ನು ಕೇಳಿ ಕೇಳಿ ನನ್ನೊಳಗೆ ಒಂದು ಲೆಕ್ಕ ಕೂತುಬಿಟ್ಟಿತ್ತು. ನಾನು ಕಳೆದುಕೊಂಡಿದ್ದೇನೆ, ದೇವರು ಈಗ ತುಂಬಿಕೊಡಬೇಕು. ಮೂರನೇ ತಿಂಗಳು, ನಾಲ್ಕನೇ ತಿಂಗಳು, ಏನೂ ಬರಲಿಲ್ಲ. ಪಿಎಫ್ ಹಣ ತೆಗೆದದ್ದು ಕರಗಿತು. ಅವ್ವನ ಬಳೆ ಬ್ಯಾಂಕಿಗೆ ಹೋಯಿತು.

ಇಂಟರ್‌ವ್ಯೂಗಳಲ್ಲಿ ಎಲ್ಲರದೂ ಒಂದೇ ಪ್ರಶ್ನೆ: "ಹಿಂದಿನ ಕೆಲಸ ಯಾಕೆ ಬಿಟ್ಟಿರಿ?" ಕಂಪನಿಯ ಹೆಸರು ಕೆಡಿಸದೆ, ಲೆಕ್ಕದ ವಿಷಯದಲ್ಲಿ ಹೊಂದಲಿಲ್ಲ ಅನ್ನುತ್ತಿದ್ದೆ. ಅಷ್ಟಕ್ಕೇ ಎದುರಿಗಿದ್ದವರ ಮುಖ ಬದಲಾಗುತ್ತಿತ್ತು. "ತಿಳಿಸ್ತೀವಿ" ಅನ್ನುತ್ತಿದ್ದರು.

ಐದನೇ ತಿಂಗಳು ಜೊತೆಯವಳೊಬ್ಬಳು ಒಂದು ಕನ್ಸಲ್ಟೆನ್ಸಿಯ ನಂಬರ್ ಕೊಟ್ಟಳು. 25 ಸಾವಿರ ಕೊಟ್ಟರೆ ಖಾಲಿ ಇದ್ದ ತಿಂಗಳಿಗೆಲ್ಲ ಒಂದು ಎಕ್ಸ್‌ಪೀರಿಯನ್ಸ್ ಲೆಟರ್, ಸ್ಯಾಲರಿ ಸ್ಲಿಪ್, ಫೋನ್ ಮಾಡಿ ವಿಚಾರಿಸಿದರೆ "ಹೌದು, ಇಲ್ಲೇ ಇದ್ದರು" ಅನ್ನಲು ಒಬ್ಬರು. "ಎಲ್ಲರೂ ಮಾಡ್ತಾರೆ ಕಣೇ. ಮನೇಲಿ ಕಷ್ಟ ಇರುವಾಗ ದೇವರು ಇಷ್ಟಕ್ಕೆಲ್ಲ ಬೇಜಾರು ಮಾಡ್ಕೊಳ್ಳಲ್ಲ" ಅಂದಳು.

ನಿಜ ಹೇಳ್ತೀನಿ, ಆ ನಂಬರಿಗೆ ಫೋನ್ ಮಾಡಿದೆ. ಆಧಾರ್, ಹಳೆಯ ಸ್ಲಿಪ್ ವಾಟ್ಸಾಪ್ ಮಾಡಿ ಅಂದರು. ಗ್ಯಾಲರಿಯಲ್ಲಿ ಫೋಟೋ ಆರಿಸಿಟ್ಟು, ಕಳಿಸುವ ಮುಂಚೆ ಪಿಜಿಯ ಟೆರೇಸಿಗೆ ಹೋಗಿ ಕೂತೆ. ಪ್ರಾರ್ಥನೆ ಬರಲಿಲ್ಲ. ಬೈಬಲ್ ಆ್ಯಪ್ ತೆಗೆದು ಯೋಬನ ಗ್ರಂಥಕ್ಕೆ ಹೋದೆ. ಕಷ್ಟದಲ್ಲಿರುವವರು ಯೋಬನನ್ನು ಓದಬೇಕು ಅಂತ ಚಿಕ್ಕಂದಿನಿಂದ ಕೇಳಿದ್ದೆ. ಕೊನೆಯಲ್ಲಿ ಎಲ್ಲಾ ಎರಡರಷ್ಟು ಸಿಗುತ್ತದೆ ಅಂತ ಗೊತ್ತಿತ್ತು. ಆ ಕೊನೆಗಾಗಿಯೇ ತೆಗೆದೆ.

ಆದರೆ ಆ ರಾತ್ರಿ ಕಣ್ಣಿಗೆ ಬಿದ್ದದ್ದು ಮೊದಲ ಅಧ್ಯಾಯ. ಅಲ್ಲಿ ಸೈತಾನ ದೇವರ ಮುಂದೆ ಇಡುವ ಪ್ರಶ್ನೆಯೇ ಇಡೀ ಕಥೆಯ ಬೇರು: ಯೋಬ ಏನೂ ಲಾಭವಿಲ್ಲದೆಯೇ ನಿನಗೆ ಭಯಪಡುತ್ತಾನಾ? ಕೊಟ್ಟದ್ದನ್ನು ಕಿತ್ತುಕೋ, ಆಗ ನೋಡು. ನಾನು ಕೂತಲ್ಲೇ ತಣ್ಣಗಾದೆ. ಐದು ತಿಂಗಳಿಂದ ನನ್ನ ಬದುಕು ಕೇಳುತ್ತಿದ್ದ ಪ್ರಶ್ನೆ ಅದೇ, ನನ್ನ ಬಳಿ ಇದ್ದ ಉತ್ತರ ಸೈತಾನ ಬಯಸಿದ್ದೇ ಆಗಿತ್ತು. ಲಾಭ ಬರದಿದ್ದರೆ ಇಷ್ಟೆಲ್ಲ ಯಾಕೆ ಅಂತ ನಾನೇ ಕೇಳುತ್ತಿದ್ದೆನಲ್ಲ.

ಮುಂದೆ ಓದಿದೆ. ಮೂವರು ಗೆಳೆಯರು ಏಳು ದಿನ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕೂತರು. ಬಾಯಿ ತೆರೆದ ಮೇಲೆಯೇ ಕೆಟ್ಟದ್ದು. ನೀನು ಏನೋ ತಪ್ಪು ಮಾಡಿರಬೇಕು ಅಂತ ಲೆಕ್ಕ ಹಾಕಿ ತೋರಿಸಿದರು. ಯೋಬ ದೇವರ ಜೊತೆ ಜಗಳಕ್ಕೇ ನಿಂತ. ಕೊನೆಗೆ ದೇವರು ಸರಿಯಾಗಿ ಮಾತಾಡಿದವನು ಯೋಬನೇ ಅನ್ನುತ್ತಾನೆ, ಅವನ ಪರವಾಗಿ ಚೆನ್ನಾಗಿ ಮಾತಾಡಿದ ಗೆಳೆಯರಲ್ಲ. 31ನೇ ಅಧ್ಯಾಯದಲ್ಲಿ ಯೋಬ ತನ್ನ ಬದುಕನ್ನೇ ಆಡಿಟ್‌ಗೆ ಕೊಟ್ಟ ಹಾಗೆ ಒಂದೊಂದೇ ಬಾಬತ್ತು ಹೇಳುತ್ತಾನೆ: ಆಳುಗಳ ನ್ಯಾಯ, ಬಡವರ ಪಾಲು, ಹಣ ಕೊಡದೆ ತಿಂದ ಬೆಳೆ. ತನ್ನನ್ನು ಸರಿಯಾದ ತಕ್ಕಡಿಯಲ್ಲಿ ತೂಗಲಿ ಅಂತ ಕೇಳುತ್ತಾನೆ. ತಕ್ಕಡಿ ಅನ್ನುವಾಗ ಅಪ್ಪನ ಸೊಟ್ಟ ಹೆಬ್ಬೆರಳು ನೆನಪಾಯಿತು.

ಯೋಬನ ಹೆಂಡತಿಯ ಬಗ್ಗೆಯೂ ಅವತ್ತೇ ಯೋಚಿಸಿದ್ದು. ಇನ್ನೂ ನಿನ್ನ ಸತ್ಯವನ್ನೇ ಹಿಡಿದುಕೊಂಡಿದ್ದೀಯಾ ಅಂತ ಅವಳು ಕೇಳಿದಳು ಅಂತ ಪ್ರಸಂಗಗಳಲ್ಲಿ ಅವಳನ್ನ ಬೈಯುವುದೇ ಕೇಳಿದ್ದೆ. ಸತ್ತ ಹತ್ತು ಮಕ್ಕಳು ಅವಳ ಮಕ್ಕಳೂ ಹೌದಲ್ಲವಾ? ಕೊನೆಯ ಅಧ್ಯಾಯದಲ್ಲಿ 7,000 ಕುರಿ 14,000 ಆಗುತ್ತದೆ, 3,000 ಒಂಟೆ 6,000 ಆಗುತ್ತದೆ. ಮಕ್ಕಳು ಮಾತ್ರ ಮತ್ತೆ ಹತ್ತೇ. ಸತ್ತವರು ಎದ್ದು ಬರಲಿಲ್ಲ. ಯಾಕೆ ಹೀಗಾಯಿತು ಅಂತ ದೇವರು ಹೇಳಲೂ ಇಲ್ಲ. ನನ್ನವ್ವ ದೇವರನ್ನು ಬಿಟ್ಟಿರಲಿಲ್ಲ. ಔಷಧಿ ಅಂಗಡಿಯ ಕೌಂಟರ್ ಮುಂದೆ ನಿಲ್ಲುವವಳು ಅವಳು, ಅಷ್ಟೇ.

ಫೋನ್ ಕೈಯಲ್ಲೇ ಇತ್ತು. ಆ ಲೆಟರ್ ತಗೊಂಡರೆ ಏನಾಗುತ್ತದೆ ಅಂತ ನೋಡಿದೆ. ಸರಕಿಲ್ಲ, ಕಾಗದ ಮಾತ್ರ. ಯಾವ ಬಿಲ್ಲಿಗಾಗಿ ಕೆಲಸ ಬಿಟ್ಟೆನೋ ನಾನೇ ಅಂಥ ಒಂದು ಬಿಲ್ ಆಗಿಬಿಡುತ್ತಿದ್ದೆ. ಫೋಟೋ ಕಳಿಸಲಿಲ್ಲ. ನಂಬರ್ ಬ್ಲಾಕ್ ಮಾಡಿದೆ.

ಮರುದಿನ ಬಾಡಿಗೆಯ ಕೋಣೆ ಬಿಟ್ಟು ಊರಿಗೆ ಹೋದೆ. ಡಯಾಲಿಸಿಸ್ ಮಾಡಿಸಿಕೊಂಡು ಬಂದ ದಿನ ಅಪ್ಪ ಬಹಳ ಸುಸ್ತಾಗಿರುತ್ತಾರೆ. ಅವರ ಕಾಲು ಒತ್ತುತ್ತಾ ಕೇಳಿದೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಂಗಡಿಯವರು ಚೀಲಕ್ಕೆ ಒಂದು ಕಿಲೋ ಸೂಟು ಅಂತ ರೈತರ ಮಾಲಿನಲ್ಲಿ ಕಡಿತ ಹಾಕಲು ಹೇಳಿದ್ದರು. ಅಪ್ಪ ಒಪ್ಪದೆ ಕೆಲಸ ಬಿಟ್ಟು, ಒಂದು ಸುಗ್ಗಿ ಪೂರ್ತಿ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ರಾತ್ರಿ ಕಾವಲು ಕಾದಿದ್ದರು. "ಆಗ ನಿನಗೆ ದೇವರು ಏನು ಕೊಟ್ಟನಪ್ಪಾ?" ಅಂದೆ.

ಅಪ್ಪ ಕಣ್ಣು ಮುಚ್ಚಿಕೊಂಡೇ ಹೇಳಿದರು: "ಏನೂ ಕೊಡಲಿಲ್ಲವಾ. ದೇವರ ಕೂಡ ಅಡತಿ ವ್ಯವಹಾರ ಮಾಡಾಕ ಬರಂಗಿಲ್ಲ. ನೂರಕ್ಕ ಇಷ್ಟು ಅಂತ ಹಿಡಿಯೂದು ಅಂಗಡ್ಯಾಗ. ಅಂವ ನಮ್ಮಪ್ಪ ಅದಾನ, ದಲಾಲ ಅಲ್ಲ."

ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುವುದನ್ನ ಒಂದು ಗಳಿಗೆ ನಿಲ್ಲಿಸಿದಳು. ಮತ್ತೆ ಬಡಿಯತೊಡಗಿದಳು. ಆ ಜೋಳದ ಹಿಟ್ಟು ನಮ್ಮ ಸಭೆಯ ಒಬ್ಬ ಅಕ್ಕ ತಂದಿಟ್ಟು ಹೋದದ್ದು ಅಂತ ಆಮೇಲೆ ಗೊತ್ತಾಯಿತು. ಐದು ತಿಂಗಳಿಂದ ತಿಂಗಳಿಗೊಂದು ಸಲ, ಹೊತ್ತು ಮುಳುಗಿದ ಮೇಲೆ, ಯಾರಿಗೂ ಹೇಳದೆ. ಯಾವ ಸಾಕ್ಷಿಯಲ್ಲೂ ಅದು ಬಂದಿರಲಿಲ್ಲ.

ನಮ್ಮದು ಬಾಸೆಲ್ ಮಿಷನ್ ಮೂಲದ ಸಭೆ. 1834ರಲ್ಲಿ ಮಂಗಳೂರಿಗೆ ಬಂದ ಮಿಷನ್ ಆಮೇಲೆ ನಮ್ಮ ಕಡೆಗೂ ಬಂತು. ಕ್ರೈಸ್ತರಾದವರು ಮನೆ, ಕುಲಕಸುಬು ಕಳೆದುಕೊಂಡಾಗ ಅವರಿಗೆ ದುಡಿಮೆ ಬೇಕು ಅಂತಲೇ ಮಿಷನ್‌ನವರು ನೇಯ್ಗೆ, ಹಂಚಿನ ಕಾರ್ಖಾನೆಗಳನ್ನು ಶುರುಮಾಡಿದರು. ನಂಬಿದವರು ಕಳೆದುಕೊಳ್ಳುವುದು ನಮ್ಮಲ್ಲಿ ಹೊಸದಲ್ಲ. ಕಳೆದುಕೊಂಡವರ ಪಕ್ಕ ಇನ್ನೊಬ್ಬರು ಬಂದು ನಿಲ್ಲುವುದೂ ಹೊಸದಲ್ಲ. ನಾನು ದೇವರ ಸಹಾಯ ಆಫರ್ ಲೆಟರ್ ರೂಪದಲ್ಲಿ ಬರುತ್ತದೆ ಅಂತ ಇನ್‌ಬಾಕ್ಸ್ ನೋಡುತ್ತಿದ್ದೆ. ಅದು ಹಿಟ್ಟಿನ ಚೀಲವಾಗಿ ಹಿತ್ತಲ ಬಾಗಿಲಿಂದ ಬರುತ್ತಿತ್ತು.

ಏಳನೇ ತಿಂಗಳು ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ಮಾಲೀಕರು ಯಾಕೆ ಬಿಟ್ಟಿರಿ ಅಂದಾಗ, ನಾನು ಹಾಕದ ಎಂಟ್ರಿ, ಹಾಕಿದ ಎಂಟ್ರಿ ಎರಡನ್ನೂ ಹೇಳಿದೆ. ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿ, ಹಿಂದಿನದಕ್ಕಿಂತ 9,000 ರೂಪಾಯಿ ಕಡಿಮೆ ಸಂಬಳ ಹೇಳಿದರು. ಒಪ್ಪಿಕೊಂಡೆ. ಇದನ್ನು ಸಾಕ್ಷಿ ಅಂತ ಹೇಳಿದರೆ ಯಾರೂ ಚಪ್ಪಾಳೆ ತಟ್ಟಲಿಕ್ಕಿಲ್ಲ. ಅವ್ವನ ಬಳೆ ಇನ್ನೂ ಬ್ಯಾಂಕಿನಲ್ಲೇ ಇದೆ. ಅಪ್ಪ ಈಗಲೂ ಮಂಗಳವಾರ, ಶುಕ್ರವಾರ ಆಸ್ಪತ್ರೆಗೆ ಹೋಗುತ್ತಾರೆ.

ನಮ್ಮ ಕನ್ನಡ ಬೈಬಲಿನಲ್ಲಿ ಯಥಾರ್ಥ ಅನ್ನುವ ಪದ ಮತ್ತೆ ಮತ್ತೆ ಬರುತ್ತದೆ. ಮುಂಚೆ ಅದು ದೊಡ್ಡವರ ಪದ, ಸಂತರ ಪದ ಅನ್ನಿಸುತ್ತಿತ್ತು. ಈಗ ನನಗೆ ಅದರ ಅರ್ಥ ಇಷ್ಟೇ: ಗೇಟಿನಲ್ಲಿ ಏನಿದೆಯೋ ಪುಸ್ತಕದಲ್ಲೂ ಅದೇ ಇರುವುದು. ಒಳಗೆ ಸಿಟ್ಟಿದ್ದರೆ ದೇವರ ಮುಂದೆಯೂ ಸಿಟ್ಟೇ, ಭಯವಿದ್ದರೆ ಭಯವೇ. ಖಾಲಿ ಕೈಯಿದ್ದರೆ ಖಾಲಿ ಕೈಯನ್ನೇ ಚಾಚುವುದು. ಟೆರೇಸಿನ ಮೇಲೆ ಪ್ರಾರ್ಥನೆ ಬರಲಿಲ್ಲ ಅಂದೆನಲ್ಲ, ಬಹುಶಃ ಆ ಏಳು ತಿಂಗಳಲ್ಲಿ ನಾನು ಸುಳ್ಳಿಲ್ಲದೆ ಅವನ ಮುಂದೆ ಕೂತದ್ದು ಅವತ್ತೊಂದೇ ದಿನ.

ನಿಮ್ಮ ಟೇಬಲ್ಲಿಗೂ ಇವತ್ತೋ ನಾಳೆಯೋ ಒಂದು ಬಿಲ್ ಬರಬಹುದು. ಬೇಡ ಅಂದರೆ ಒಳ್ಳೆಯದಾಗುತ್ತದೆ ಅಂತ ನಾನು ಮಾತು ಕೊಡಲಾರೆ. ಮೊದಲು ಗೇಟಿಗೆ ಹೋಗಿ ರಿಜಿಸ್ಟರ್ ನೋಡಿ, ಅಷ್ಟು ಮಾತ್ರ ಹೇಳಬಲ್ಲೆ. ನಾನು ಒಂದು ಸಲ ನೋಡದೆ ಇದ್ದವಳು.

ಈಗ ದಿನಾ ರಾತ್ರಿ ಅಪ್ಪ ಫೋನ್ ಮಾಡುತ್ತಾರೆ. ಊಟ ಆಯಿತಾ ಅನ್ನುವ ಮುಂಚೆಯೇ ಕೇಳುವುದು ಒಂದೇ.

"ಇವತ್ತ ಎಷ್ಟ ಲಾರಿ ಬಂದ್ವು?"

"ಎರಡು ಬಂದ್ವಪ್ಪ."

"ಎರಡಽ ಬರದಿ ಅಲ್ಲ?"

"ಎರಡಽ ಬರದೇನಿ."

"ಹಂಗಾರ ಉಂಡು ಮಲಕ್ಕೋ ಯವ್ವಾ."